ಜರಾದೌರ್ಬಲ್ಯ: ಆರೈಕೆ ಮಾಡುವವರಿಗೂ ಬೇಕು ಶಿಕ್ಷಣ

"ವಯಸ್ಸಾಯಿತು, ಇನ್ನು ಇಷ್ಟೇ" ಎಂಬ ಮಾತು ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ಕೇಳಿಬರುತ್ತದೆ. ಮೊದಲು ಅದನ್ನು ವೃದ್ಧರೇ ಆಡುತ್ತಾರೆ. ಬಳಿಕ ಮನೆಯವರು ಆಡುತ್ತಾರೆ. ಕೊನೆಗೆ ವೈದ್ಯರೂ ಆಡುತ್ತಾರೆ. ಮೂವರೂ ಒಪ್ಪಿಕೊಂಡ ಮೇಲೆ ಆ ಮಾತು ನಿಜವೇ ಎಂದು ಪರೀಕ್ಷಿಸಿ ನೋಡುವವರು ಯಾರೂ ಉಳಿಯುವುದಿಲ್ಲ. ಮುಪ್ಪಿನಲ್ಲಿ ಒದಗುವ ಬಲಹೀನತೆಯ ಒಂದು ದೊಡ್ಡ ಪಾಲನ್ನು ತಡೆಯಬಹುದು, ತಗ್ಗಿಸಬಹುದು, ಕೆಲವೊಮ್ಮೆ ಹಿಂದಕ್ಕೂ ತಿರುಗಿಸಬಹುದು ಎಂಬುದು ವೈದ್ಯವಿಜ್ಞಾನಕ್ಕೆ ಈಗ ತಿಳಿದಿರುವ ಸಂಗತಿ. ಆದರೆ ಆ ತಿಳಿವಳಿಕೆಯು ಗ್ರಂಥಗಳಿಂದ ಇಳಿದು ರೋಗಿಯ ಮಂಚದ ಬಳಿಗೆ ಬರಬೇಕಾದರೆ ವೈದ್ಯರು, ನರ್ಸುಗಳು, ಆರೋಗ್ಯ ಕಾರ್ಯಕರ್ತೆಯರು ಎಲ್ಲರಿಗೂ ಆ ವಿಷಯದಲ್ಲಿ ಕ್ರಮವಾದ ಶಿಕ್ಷಣ ದೊರೆಯಬೇಕು. ಅಂತಹ ಶಿಕ್ಷಣದ ಸ್ವರೂಪವೇನು, ಅದರ ಅಗತ್ಯವೇನು ಎಂಬುದೇ ಈ ಲೇಖನದ ವಿಷಯ.

ಮಹಾನಗರದ ಕನ್ನಡಿಗರಿಗೆ ಪರಿಚಿತವಾದ ಒಂದು ಸನ್ನಿವೇಶವನ್ನು ನೆನೆಯಬಹುದು. ಊರಿನ ಮನೆಗೆ ಬೀಗ ಹಾಕಿ, ಮುಂಬಯಿಯ ಉಪನಗರವೊಂದರಲ್ಲಿ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಮಗನ ಮನೆಗೆ ಎಪ್ಪತ್ತೆಂಟು ವರ್ಷದ ತಾಯಿ ಬಂದು ಸೇರುತ್ತಾರೆ. ಊರಿನಲ್ಲಿ ಅಂಗಳ ಗುಡಿಸುವುದು, ಬಾವಿಯ ನೀರು ಸೇದುವುದು, ಸಂಜೆ ದೇವಸ್ಥಾನಕ್ಕೆ ಹೋಗಿ ಬರುವುದು ಎಂದು ದಿನವಿಡೀ ಓಡಾಟವಿತ್ತು. ಇಲ್ಲಿ ಎರಡು ಕೋಣೆ, ಒಂದು ಸೋಫಾ, ಒಂದು ಟಿ.ವಿ. "ನೀವು ಏನೂ ಮಾಡಬೇಡಿ ಅಮ್ಮ, ಆರಾಮಾಗಿರಿ" ಎಂದು ಸೊಸೆ ಪ್ರೀತಿಯಿಂದಲೇ ಹೇಳುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ರವಿಕೆ ಸಡಿಲವಾಗುತ್ತದೆ, ಬಳೆ ಕೈಯಿಂದ ಜಾರುತ್ತದೆ, ಮಹಡಿ ಇಳಿಯುವುದು ನಿಂತುಹೋಗುತ್ತದೆ. ಮಳೆಗಾಲದಲ್ಲಿ ಮೂರು ದಿನ ಜ್ವರ ಬರುತ್ತದೆ. ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿಸಿ ಜ್ವರವನ್ನು ಗುಣಪಡಿಸುತ್ತಾರೆ. ರಕ್ತಪರೀಕ್ಷೆ, ಎಕ್ಸ್-ರೇ ಎಲ್ಲವೂ ಸರಿಯಾಗಿವೆ. ಆದರೆ ನಡೆದುಕೊಂಡು ಆಸ್ಪತ್ರೆಗೆ ಬಂದ ತಾಯಿ ಕುರ್ಚಿಯಲ್ಲಿ ಕುಳಿತು ಮನೆಗೆ ಮರಳುತ್ತಾರೆ. ಬಚ್ಚಲಮನೆಗೆ ಹೋಗಲೂ ಇನ್ನೊಬ್ಬರ ತೋಳು ಬೇಕಾಗುತ್ತದೆ.

ಇದು ಯಾವುದೋ ಒಬ್ಬರ ಕಥೆಯಲ್ಲ. ನೂರಾರು ಮನೆಗಳ ಅನುಭವ. ಇಲ್ಲಿ ಮಗ ಸೊಸೆಯರು ತಪ್ಪು ಮಾಡಲಿಲ್ಲ, ಜ್ವರಕ್ಕೆ ಔಷಧಿ ಕೊಟ್ಟ ವೈದ್ಯರೂ ತಪ್ಪು ಮಾಡಲಿಲ್ಲ. ಆದರೂ ಒಂದು ಅನಾಹುತ ನಡೆದುಹೋಯಿತು. ಅದನ್ನು ಮುಂಚಿತವಾಗಿಯೇ ಕಾಣಬಲ್ಲ ಕಣ್ಣು ಅಲ್ಲಿದ್ದ ಯಾರಿಗೂ ಇರಲಿಲ್ಲ.

ಜರಾದೌರ್ಬಲ್ಯವೆಂದರೇನು?

ಆಂಗ್ಲ ವೈದ್ಯಗ್ರಂಥಗಳು 'ಫ್ರೇಲ್ಟಿ' ಎಂದು ಕರೆಯುವ ಈ ಸ್ಥಿತಿಗೆ ಆಡುಮಾತಿನ 'ನಿತ್ರಾಣ' ಎಂಬ ಪದವು ಬಹುಮಟ್ಟಿಗೆ ಸಮೀಪವಾದುದು. ಆದರೆ ಉಪವಾಸದಿಂದಲೋ ಜ್ವರದಿಂದಲೋ ಬಂದುಹೋಗುವ ನಿತ್ರಾಣವೂ ಇದೂ ಒಂದೇ ಅಲ್ಲವಾದುದರಿಂದ, ಇದನ್ನು ಇಲ್ಲಿ ಜರಾದೌರ್ಬಲ್ಯವೆಂದು ಕರೆಯಲಾಗಿದೆ.

ಆರೋಗ್ಯವಂತ ದೇಹದ ಪ್ರತಿಯೊಂದು ಅಂಗದಲ್ಲಿಯೂ ದಿನನಿತ್ಯದ ಅಗತ್ಯಕ್ಕಿಂತ ಹೆಚ್ಚಿನ ಶಕ್ತಿ ಕಾಪಿಟ್ಟಿರುತ್ತದೆ. ಕಣಜ ತುಂಬಿರುವ ಮನೆಯಲ್ಲಿ ಒಂದು ವರ್ಷ ಮಳೆ ತಪ್ಪಿದರೂ ಒಲೆ ಆರುವುದಿಲ್ಲ. ಕಣಜ ಬರಿದಾದ ಮನೆಯಲ್ಲಿ ಒಂದು ತಿಂಗಳು ತಡವಾದರೂ ಸಂಕಟ. ವಯಸ್ಸಾದಂತೆ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಮಾಂಸಖಂಡ, ಮೆದುಳು ಎಲ್ಲದರ ಕಣಜವೂ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಅದು ತೀರ ತಳಮುಟ್ಟಿ, ಸಣ್ಣ ಜ್ವರ, ಒಂದು ಹೊಸ ಮಾತ್ರೆ, ಒಂದು ಬೀಳುವಿಕೆ ಇಂತಹ ಅಲ್ಪ ಆಘಾತವನ್ನೂ ತಾಳಿಕೊಳ್ಳಲಾರದ ಸ್ಥಿತಿಯೇ ಜರಾದೌರ್ಬಲ್ಯ.

ಇದನ್ನು ಮೂರು ಸಂಗತಿಗಳಿಂದ ಪ್ರತ್ಯೇಕಿಸಿ ತಿಳಿಯುವುದು ಅವಶ್ಯಕ. ಇದು ಬರಿಯ ವಯಸ್ಸಲ್ಲ. ಎಂಬತ್ತೈದರಲ್ಲಿ ಗಟ್ಟಿಯಾಗಿರುವವರೂ ಅರವತ್ತೆಂಟರಲ್ಲಿ ಬಳಲಿದವರೂ ಉಂಟು. ಇದು ಒಂದು ನಿರ್ದಿಷ್ಟ ರೋಗವೂ ಅಲ್ಲ. ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇದ್ದ ಮಾತ್ರಕ್ಕೆ ವ್ಯಕ್ತಿ ದುರ್ಬಲನೆನ್ನುವಂತಿಲ್ಲ. ಇದು ಅಂಗವೈಕಲ್ಯವೂ ಅಲ್ಲ. ಅನೇಕ ವೇಳೆ ಅದಕ್ಕೆ ಮುಂಚೆ ಕಾಣಿಸಿಕೊಳ್ಳುವ ಎಚ್ಚರಿಕೆ.

೨೦೦೧ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು ಐದು ಸಾವಿರಕ್ಕೂ ಹೆಚ್ಚು ಮಂದಿ ವೃದ್ಧರ ಅಧ್ಯಯನದ ಆಧಾರದ ಮೇಲೆ ಇದಕ್ಕೆ ಐದು ಲಕ್ಷಣಗಳನ್ನು ಹೇಳಿದರು. ಅವು ಇವು: ಪ್ರಯತ್ನವಿಲ್ಲದೆಯೇ ಒಂದು ವರ್ಷದಲ್ಲಿ ಸುಮಾರು ನಾಲ್ಕೂವರೆ ಕಿಲೋಗ್ರಾಮಿನಷ್ಟು ತೂಕ ಇಳಿಯುವುದು, ಸದಾ ದಣಿವು, ಮುಷ್ಟಿಯ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ದಿನದ ಚಟುವಟಿಕೆ ಕುಗ್ಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಜರಾದೌರ್ಬಲ್ಯ. ಒಂದೋ ಎರಡೋ ಇದ್ದರೆ ಅದರ ಪೂರ್ವಾವಸ್ಥೆ. ಅವರ ಅಧ್ಯಯನದಲ್ಲಿ ೬೫ ದಾಟಿದವರ ಪೈಕಿ ನೂರಕ್ಕೆ ಸುಮಾರು ಏಳು ಮಂದಿ ದುರ್ಬಲರಾಗಿದ್ದರು. ವಯಸ್ಸು ಏರಿದಂತೆ ಈ ಪ್ರಮಾಣವೂ ಏರಿತ್ತು.

ಕೆನಡಾ ದೇಶದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು ಇದನ್ನು ಬೇರೊಂದು ಬಗೆಯಲ್ಲಿ ನೋಡಿದರು. ಕಣ್ಣು ಮಂದ, ಕಿವಿ ಮಂದ, ಮಂಡಿನೋವು, ಮರೆವು, ಮೂತ್ರದ ತೊಂದರೆ ಮುಂತಾದ ಕೊರತೆಗಳು ಒಬ್ಬ ವ್ಯಕ್ತಿಯಲ್ಲಿ ಎಷ್ಟು ಕೂಡಿಕೊಂಡಿವೆ ಎಂದು ಎಣಿಸುವುದು ಅವರ ಕ್ರಮ. ೨೦೦೫ರಲ್ಲಿ ಅವರು ಪ್ರಕಟಿಸಿದ ಅಳತೆಗೋಲಿನಲ್ಲಿ, ವ್ಯಕ್ತಿಯು ಕಾಯಿಲೆ ಬೀಳುವ ಮುಂಚೆ ಎಷ್ಟರ ಮಟ್ಟಿಗೆ ಸ್ವತಂತ್ರನಾಗಿದ್ದ ಎಂಬುದನ್ನು ವಿಚಾರಿಸಿ ಅವನ ದರ್ಜೆಯನ್ನು ಗುರುತಿಸಲಾಗುತ್ತದೆ. ಎರಡು ದಾರಿಗಳೂ ಒಂದೇ ಊರಿಗೆ ಹೋಗುತ್ತವೆ: ರೋಗದ ಹೆಸರನ್ನಷ್ಟೇ ಕೇಳದೆ, ರೋಗಿಯ ತ್ರಾಣವನ್ನು ಅಳೆಯುವುದು.

ಒಬ್ಬ ವೈದ್ಯೆಯ ದಿಟ್ಟ ಹೆಜ್ಜೆ

ವೃದ್ಧರ ವೈದ್ಯಕ್ಕೆ 'ಜೀರಿಯಾಟ್ರಿಕ್ಸ್' ಎಂಬ ಹೆಸರನ್ನು ೧೯೦೯ರಲ್ಲಿ ಇಗ್ನಾಟ್ಸ್ ನಾಷರ್ ಎಂಬ ನ್ಯೂಯಾರ್ಕಿನ ವೈದ್ಯರು ಕೊಟ್ಟರು. ಆದರೆ ಆ ಹೆಸರಿಗೆ ಪ್ರಾಣ ತುಂಬಿದವರು ಇಂಗ್ಲೆಂಡಿನ ಮಾರ್ಜರಿ ವಾರನ್. ೧೯೩೫ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಬಡವರ ಆಶ್ರಯಾಲಯದ ಚಿಕಿತ್ಸಾಲಯವನ್ನು ವಹಿಸಿಕೊಂಡಾಗ, ಅಲ್ಲಿದ್ದ ಏಳುನೂರಕ್ಕೂ ಹೆಚ್ಚು ರೋಗಿಗಳ ಹೊಣೆ ಅವರ ಪಾಲಿಗೆ ಬಂದಿತು. ಅವರಲ್ಲಿ ಬಹುಮಂದಿ ವೃದ್ಧರು; ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಮಲಗಿದ್ದವರು; ಇನ್ನು ಇವರಿಗೆ ಚಿಕಿತ್ಸೆಯಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದವರು. ವಾರನ್ ಅವರು ಪ್ರತಿಯೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿದರು, ಅವರವರ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ವಾರ್ಡುಗಳಲ್ಲಿ ಇರಿಸಿದರು, ಹಾಸಿಗೆಯಿಂದ ಎಬ್ಬಿಸಿ ಕೂರಿಸಿದರು, ನಡೆಸಿದರು. ಎಷ್ಟೋ ಮಂದಿ ಮನೆಗಳಿಗೆ ಮರಳಿದರು. ಈ ಅನುಭವವನ್ನು ಅವರು ೧೯೪೩ರಲ್ಲಿ ಮತ್ತು ೧೯೪೬ರಲ್ಲಿ ವೈದ್ಯಪತ್ರಿಕೆಗಳಲ್ಲಿ ಪ್ರಕಟಿಸಿ, ವೃದ್ಧರ ಆರೈಕೆಯನ್ನು ವೈದ್ಯವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಕಲಿಸಬೇಕೆಂದು ವಾದಿಸಿದರು.

ಭಾರತದಲ್ಲಿ ಈ ಕಾರ್ಯಕ್ಕೆ ಮೊದಲು ತೊಡಗಿದವರಲ್ಲಿ ಮದರಾಸಿನ ಡಾ. ವಿ. ಎಸ್. ನಟರಾಜನ್ ಅವರ ಹೆಸರು ಮುಖ್ಯವಾದುದು. ೧೯೭೮ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ಅವರಿಂದ ಆರಂಭವಾಯಿತು. ೧೯೯೬ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವೃದ್ಧವೈದ್ಯದ ಎಂ.ಡಿ. ಶಿಕ್ಷಣವೂ ತೊಡಗಿತು. ೨೦೧೦-೧೧ರಲ್ಲಿ ಕೇಂದ್ರ ಸರ್ಕಾರವು ಹಿರಿಯರ ಆರೋಗ್ಯರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು, ಮೊದಲ ಹಂತದಲ್ಲಿ ಎಂಟು ಪ್ರಾದೇಶಿಕ ಕೇಂದ್ರಗಳನ್ನು ಗೊತ್ತುಮಾಡಿತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು ಮತ್ತು ಚೆನ್ನೈನ ಮದರಾಸು ವೈದ್ಯಕೀಯ ಕಾಲೇಜು ಅವುಗಳಲ್ಲಿ ಸೇರಿವೆ.

ಆದರೂ ೨೦೧೧ರ ಜನಗಣತಿಯ ವೇಳೆಗೇ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿದ್ದ ದೇಶದಲ್ಲಿ, ಕೆಲವೇ ತಜ್ಞರಿಂದ ಈ ಭಾರವನ್ನು ಹೊರಿಸಲಾಗದು. ಬಡಾವಣೆಯ ಕುಟುಂಬವೈದ್ಯರಿಂದ ಮೊದಲ್ಗೊಂಡು ವಾರ್ಡಿನ ಆಯಾವರೆಗೆ ಎಲ್ಲರಿಗೂ ಈ ಪಾಠ ತಲುಪಬೇಕಾಗಿದೆ.

ಸಾಮಾನ್ಯ ಶಿಕ್ಷಣ ಸಾಲದೇಕೆ?

ವೈದ್ಯಶಿಕ್ಷಣವು ಬಹುಕಾಲದಿಂದ ಅಂಗಾಂಗಗಳ ಕ್ರಮದಲ್ಲಿ ನಡೆದುಬಂದಿದೆ. ಹೃದಯಕ್ಕೆ ಒಬ್ಬರು, ಮೂಳೆಗೆ ಒಬ್ಬರು, ಕಣ್ಣಿಗೆ ಒಬ್ಬರು. ಒಂದೇ ರೋಗವುಳ್ಳ ಯುವಕನಿಗೆ ಇದು ಒಪ್ಪುತ್ತದೆ. ಆರು ತೊಂದರೆಗಳು ಹೆಣೆದುಕೊಂಡಿರುವ ವೃದ್ಧೆಗೆ ಇದು ಒಪ್ಪುವುದಿಲ್ಲ. ಆರು ತಜ್ಞರು ಆರು ಚೀಟಿ ಬರೆದರೆ, ಆರೂ ಚೀಟಿಗಳನ್ನು ಒಟ್ಟಿಗೆ ಓದುವವರು ಮನೆಯಲ್ಲಿ ಮಾತ್ರೆ ಹಂಚುವ ಸೊಸೆ ಮಾತ್ರ.

ಎರಡನೆಯ ಕಾರಣ, ವೃದ್ಧರಲ್ಲಿ ರೋಗವು ವೇಷ ಮರೆಸಿಕೊಂಡು ಬರುತ್ತದೆ. ನ್ಯುಮೋನಿಯಾ ಬಂದರೂ ಜ್ವರ ಏರದಿರಬಹುದು. ಹೃದಯಾಘಾತವಾದರೂ ಎದೆನೋವು ಬಾರದಿರಬಹುದು. ಬದಲಾಗಿ ಅವರು ಬೀಳುತ್ತಾರೆ, ಇಲ್ಲವೆ ಇದ್ದಕ್ಕಿದ್ದಂತೆ ಮಂಕಾಗಿ ಹಗಲು ರಾತ್ರಿ ತಿಳಿಯದಂತಾಗುತ್ತಾರೆ. ಬ್ರಿಟನ್ನಿನ ವೃದ್ಧವೈದ್ಯರಾದ ಬರ್ನಾರ್ಡ್ ಐಸಾಕ್ಸ್ ಅವರು ನಡೆಯಲಾರದಿರುವುದು, ಬೀಳುವುದು, ಮಲಮೂತ್ರದ ಹತೋಟಿ ತಪ್ಪುವುದು, ಬುದ್ಧಿ ಮಂಕಾಗುವುದು ಈ ನಾಲ್ಕನ್ನು ವೃದ್ಧವೈದ್ಯದ ದೈತ್ಯರೆಂದು ಕರೆದರು. ತರಬೇತಿಯಿಲ್ಲದವರು ಇವನ್ನು ಮುಪ್ಪಿನ ಸಹಜ ಗುಣವೆಂದು ಭಾವಿಸುತ್ತಾರೆ. ತರಬೇತಿ ಪಡೆದವರು ಇವುಗಳ ಹಿಂದೆ ಅಡಗಿರುವ ಕಾರಣವನ್ನು ಹುಡುಕುತ್ತಾರೆ.

ಮೂರನೆಯದಾಗಿ, ಒಳ್ಳೆಯ ಉದ್ದೇಶದಿಂದ ಮಾಡಿದ ಉಪಚಾರವೇ ಕೆಲವೊಮ್ಮೆ ಹಾನಿಗೆ ಕಾರಣವಾಗುತ್ತದೆ. ವಿಶ್ರಾಂತಿಯನ್ನೇ ತೆಗೆದುಕೊಳ್ಳಬಹುದು. ೨೦೦೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆರೋಗ್ಯವಂತರಾದ ಹಿರಿಯ ಸ್ವಯಂಸೇವಕರು ಹತ್ತು ದಿನ ಹಾಸಿಗೆಯಲ್ಲಿಯೇ ಇದ್ದುದರಿಂದ ಅವರ ಕಾಲುಗಳ ಮಾಂಸಭಾಗ ಸರಾಸರಿ ಒಂದು ಕಿಲೋಗ್ರಾಮಿನ ಸಮೀಪಕ್ಕೆ ಕರಗಿತು. ಅವರಿಗೆ ರೋಗವೇನೂ ಇರಲಿಲ್ಲ. ಹಾಗಿರುವಾಗ ಜ್ವರದಿಂದ ಬಳಲಿ, ಊಟ ಬಿಟ್ಟು, ಹತ್ತು ದಿನ ಮಲಗಿದ ಎಪ್ಪತ್ತೆಂಟರ ತಾಯಿಯ ಕಾಲುಗಳ ಗತಿ ಏನಾಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ಕಲಿಯಬೇಕಾದ ಪಾಠಗಳು

ಮೊದಲನೆಯ ಪಾಠ, ಗುರುತಿಸುವುದು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಂದು ಕುರ್ಚಿ, ಒಂದು ಗಡಿಯಾರ, ನಾಲ್ಕು ಮೀಟರು ನೆಲ ಸಾಕು. ನಾಲ್ಕು ಮೀಟರನ್ನು ಎಂದಿನ ನಡಿಗೆಯಲ್ಲಿ ಕ್ರಮಿಸಲು ಐದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಎಚ್ಚರ ವಹಿಸಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಹದಿನಾಲ್ಕು ಸೆಕೆಂಡು ಸಾಲದಿದ್ದರೆ ವಿವರವಾದ ಪರೀಕ್ಷೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೧೯ರ ಕೈಪಿಡಿ ಸೂಚಿಸುತ್ತದೆ. ಅದೇ ಕೈಪಿಡಿಯು ನಡೆದಾಟ, ಪೋಷಣೆ, ದೃಷ್ಟಿ, ಶ್ರವಣ, ನೆನಪು, ಮನಸ್ಸಿನ ಸ್ಥಿತಿ ಎಂಬ ಆರು ಶಕ್ತಿಗಳನ್ನು ಪರೀಕ್ಷಿಸುವ ಸರಳ ಕ್ರಮವನ್ನು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿಕೊಡುತ್ತದೆ.

ಎರಡನೆಯದು, ಸಮಗ್ರ ಪರಿಶೀಲನೆ. ದುರ್ಬಲನೆಂದು ಕಂಡುಬಂದ ವ್ಯಕ್ತಿಯ ರೋಗಗಳು, ಔಷಧಿಗಳು, ದಿನಚರಿ, ಮನಸ್ಸು, ಮನೆಯ ಪರಿಸರ, ನೋಡಿಕೊಳ್ಳುವವರ ಸ್ಥಿತಿ ಎಲ್ಲವನ್ನೂ ವೈದ್ಯರು, ನರ್ಸು, ವ್ಯಾಯಾಮ ಚಿಕಿತ್ಸಕರು, ಆಹಾರತಜ್ಞರು, ಸಮಾಜ ಕಾರ್ಯಕರ್ತರು ಕೂಡಿ ವಿಚಾರಿಸಿ ಒಂದೇ ಯೋಜನೆಯನ್ನು ರೂಪಿಸಬೇಕು. ಆಸ್ಪತ್ರೆಗೆ ಸೇರಿದ ವೃದ್ಧರ ವಿಷಯದಲ್ಲಿ ನಡೆದ ೨೯ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಇಂತಹ ಪರಿಶೀಲನೆ ಪಡೆದವರು ಮುಂದೆ ಜೀವಂತವಾಗಿ ತಮ್ಮ ಮನೆಯಲ್ಲಿಯೇ ಇರುವ ಸಂಭವ ಹೆಚ್ಚು.

ಮೂರನೆಯದು, ವ್ಯಾಯಾಮವೂ ಒಂದು ಔಷಧಿಯೆಂಬ ಅರಿವು. ೧೯೯೦ರಲ್ಲಿ ಬೋಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸುಮಾರು ತೊಂಬತ್ತು ವರ್ಷದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರಗಳ ಕಾಲ ಕಾಲುಗಳಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸವನ್ನು ಪೂರ್ಣಗೊಳಿಸಿದವರ ಕಾಲಿನ ಬಲವು ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತು. ೧೯೯೪ರಲ್ಲಿ ನೂರು ಮಂದಿಯ ಮೇಲೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿಯೂ ವ್ಯಾಯಾಮದಿಂದ ಬಲ ಮತ್ತು ನಡಿಗೆಯ ವೇಗ ಎರಡೂ ಹೆಚ್ಚಿದವು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಕೊಟ್ಟವರ ದೌರ್ಬಲ್ಯ ತಗ್ಗಲಿಲ್ಲ. ತೊಂಬತ್ತರಲ್ಲಿಯೂ ಮಾಂಸಖಂಡ ಮಾತು ಕೇಳುತ್ತದೆ ಎಂಬುದು ಈ ಪ್ರಯೋಗಗಳ ಪಾಠ. "ದಿನಾ ಸ್ವಲ್ಪ ನಡೆಯಿರಿ" ಎಂದು ಹೇಳಿ ಕಳುಹಿಸುವುದು ಸಾಲದು. ಯಾವ ವ್ಯಾಯಾಮ, ಎಷ್ಟು ಸಲ, ಯಾವಾಗ ಹೆಚ್ಚಿಸಬೇಕು ಎಂಬುದನ್ನು ಮಾತ್ರೆಯ ಪ್ರಮಾಣ ಬರೆಯುವಷ್ಟೇ ಖಚಿತವಾಗಿ ಬರೆಯಲು ವೈದ್ಯರು ಕಲಿಯಬೇಕು.

ನಾಲ್ಕನೆಯದು, ಆಹಾರ. ವೃದ್ಧರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೧ರಿಂದ ೧.೨ ಗ್ರಾಮಿನಷ್ಟು ಪ್ರೋಟೀನು ಬೇಕೆಂದು ೨೦೧೩ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೊಂದು ಶಿಫಾರಸು ಮಾಡಿತು. ಎಂದರೆ ಐವತ್ತು ಕಿಲೋ ತೂಕದವರಿಗೆ ೫೦ರಿಂದ ೬೦ ಗ್ರಾಮು. ಎರಡು ಹೊತ್ತು ತಿಳಿಸಾರು ಅನ್ನ, ನಡುವೆ ಮೂರು ಲೋಟ ಕಾಫಿ ಎಂಬ ಊಟದಿಂದ ಇದು ದೊರೆಯುವಂತಿಲ್ಲ. ಒಪ್ಪೊತ್ತಿನ ಊಟ, ವಾರಕ್ಕೊಂದು ಉಪವಾಸ, ಹಲ್ಲಿಲ್ಲವೆಂದು ಕಾಳು ಬಿಡುವುದು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವುದು ಇವೆಲ್ಲ ಮನೆಮನೆಯ ಹಿರಿಯ ಹೆಂಗಸರಲ್ಲಿ ಕಾಣುವ ಅಭ್ಯಾಸಗಳು. ಇವುಗಳನ್ನು ಹೀಗಳೆಯದೆ ಕೇಳಿ ತಿಳಿದುಕೊಂಡು, ಗಟ್ಟಿ ತೊವ್ವೆ, ಮೊಸರು, ಹಾಲು, ಮೆತ್ತಗೆ ಬೇಯಿಸಿದ ಮೊಳಕೆಕಾಳಿನ ಹುಳಿ, ರಾಗಿಯ ಅಂಬಲಿ, ತಿನ್ನುವವರಿಗೆ ಮೊಟ್ಟೆ, ಮೀನು ಹೀಗೆ ಅವರವರ ಪದ್ಧತಿಗೆ ಹೊಂದುವ ದಾರಿ ತೋರಿಸಬಲ್ಲವರೇ ನಿಜವಾದ ಆಹಾರತಜ್ಞರು. ಮೂತ್ರಪಿಂಡದ ರೋಗವಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನನ್ನು ಹೆಚ್ಚಿಸತಕ್ಕದ್ದು.

ಐದನೆಯದು, ಔಷಧಿಗಳನ್ನು ಕಡಮೆ ಮಾಡುವ ಧೈರ್ಯ. ಹೊಸ ಮಾತ್ರೆ ಬರೆಯುವುದನ್ನು ಎಲ್ಲ ಕಾಲೇಜುಗಳೂ ಕಲಿಸುತ್ತವೆ. ಹಳೆಯದನ್ನು ನಿಲ್ಲಿಸುವುದನ್ನು ಕಲಿಸುವುದು ವಿರಳ. ನಿದ್ರೆಮಾತ್ರೆ, ನೆಗಡಿಗೆ ನುಂಗುವ ಕೆಲವು ಮಾತ್ರೆ, ಅತಿಯಾದ ರಕ್ತದೊತ್ತಡದ ಔಷಧಿ, ಸಕ್ಕರೆಯನ್ನು ತೀರ ಕೆಳಗಿಳಿಸುವ ಮಾತ್ರೆ ಇವು ದುರ್ಬಲರನ್ನು ಬೀಳಿಸಬಲ್ಲವು, ಮಂಕು ಮಾಡಬಲ್ಲವು. ವೃದ್ಧರಿಗೆ ತಕ್ಕುದಲ್ಲದ ಔಷಧಿಗಳ ಮೊದಲ ಪಟ್ಟಿಯೊಂದನ್ನು ಅಮೆರಿಕದ ಮಾರ್ಕ್ ಬಿಯರ್ಸ್ ಅವರು ೧೯೯೧ರಲ್ಲಿಯೇ ಸಿದ್ಧಪಡಿಸಿದರು. ಅದು ಇಂದಿಗೂ ಆಗಾಗ ಪರಿಷ್ಕೃತವಾಗುತ್ತಿದೆ. ಮಲಗಿದ್ದಾಗ ಮಾತ್ರವಲ್ಲದೆ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಗಳ ಬಳಿಕವೂ ರಕ್ತದೊತ್ತಡವನ್ನು ಅಳೆಯುವ ಸಣ್ಣ ಅಭ್ಯಾಸವೊಂದು ಎಷ್ಟೋ ಸೊಂಟದ ಮೂಳೆಗಳನ್ನು ಉಳಿಸೀತು.

ಆರನೆಯದು, ಸಂಭಾಷಣೆ. ದುರ್ಬಲ ವೃದ್ಧರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಬೇಕೆ, ಬೇಡವೆ ಎಂಬಂತಹ ನಿರ್ಧಾರಗಳಲ್ಲಿ ಅವರ ಇಚ್ಛೆಯೇ ಮೊದಲು. ಮಗನೊಡನೆ ಮಾತ್ರ ಮಾತನಾಡಿ, ಮಂಚದ ಮೇಲಿರುವವರನ್ನು ಇಲ್ಲದವರಂತೆ ಕಾಣುವುದು ಸಲ್ಲದು. ಎದುರಿಗೆ ಕುಳಿತು, ಬೆಳಕಿನಲ್ಲಿ ಮುಖ ಕಾಣುವಂತೆ, ನಿಧಾನವಾಗಿ ಮಾತನಾಡುವುದು ಕೂಡ ಕಲಿತು ಬರಬೇಕಾದ ವಿದ್ಯೆ.

ಭಾಷೆಯೆಂಬ ತೊಡಕು

ಹೊರನಾಡಿನ ಕನ್ನಡಿಗರಿಗೆ ಈ ಕೊನೆಯ ಪಾಠವು ವಿಶೇಷವಾಗಿ ಅನ್ವಯಿಸುತ್ತದೆ. ಮಕ್ಕಳಿಗೆ ಮರಾಠಿ, ತಮಿಳು, ತೆಲುಗು, ಹಿಂದಿ ಸಲೀಸು. ಇಳಿವಯಸ್ಸಿನಲ್ಲಿ ಊರಿನಿಂದ ಬಂದ ತಾಯಿತಂದೆಗಳಿಗೆ ಹಾಗಲ್ಲ. ಆಸ್ಪತ್ರೆಯಲ್ಲಿ "ಇಂದು ಯಾವ ವಾರ, ಇದು ಯಾವ ಊರು" ಎಂದು ಪರಭಾಷೆಯಲ್ಲಿ ಕೇಳಿದಾಗ ಉತ್ತರ ಬಾರದಿದ್ದರೆ ಅದು ಮರೆವಿನ ರೋಗವೋ, ಭಾಷೆಯ ತೊಡಕೋ, ಕಿವುಡೋ ಎಂಬುದನ್ನು ವಿವೇಚಿಸದೆ ಹಣೆಪಟ್ಟಿ ಹಚ್ಚುವ ಅಪಾಯವಿದೆ. ವೃದ್ಧೆ ತನ್ನ ನೋವನ್ನು ಹೇಳುವ ಪದಗಳಿಗೂ ಇದೇ ಗತಿ. 'ತಲೆ ತಿರುಗುವುದು', 'ಕಣ್ಣು ಕತ್ತಲೆ ಬರುವುದು', 'ಕಾಲು ಸೋಲುವುದು' ಈ ಮೂರೂ ಬೇರೆ ಬೇರೆ ತೊಂದರೆಗಳ ಸೂಚನೆಗಳಾಗಿರಬಹುದು. ಅನುವಾದದಲ್ಲಿ ಮೂರೂ ಒಂದೇ ಆಗಿಬಿಡುತ್ತವೆ.

ಈ ತೊಡಕನ್ನು ವಿಜ್ಞಾನಿಗಳು ಗಮನಿಸದೆ ಇಲ್ಲ. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಓದುಬರಹವಿಲ್ಲದ ಹಿಂದಿ ಭಾಷಿಕ ವೃದ್ಧರಿಗೆ ಹೊಂದುವ ಬುದ್ಧಿಪರೀಕ್ಷೆಯೊಂದನ್ನು ರೂಪಿಸಿ ೧೯೯೫ರಲ್ಲಿ ಪ್ರಕಟಿಸಲಾಯಿತು. ತರುವಾಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಸಿದ್ಧವಾದ ಪರೀಕ್ಷಾಸಮೂಹವು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದಲ್ಲಿಯೂ ಇದೆ. ಇಂತಹ ಸಾಧನಗಳಿವೆಯೆಂಬುದನ್ನು ತಿಳಿಸುವುದೂ, ದುಭಾಷಿಯ ನೆರವನ್ನು ಸರಿಯಾಗಿ ಬಳಸುವುದನ್ನು ಕಲಿಸುವುದೂ ಮಹಾನಗರದ ವೈದ್ಯಶಿಕ್ಷಣದ ಭಾಗವಾಗಬೇಕು.

ತರಬೇತಿ ಹೇಗಿರಬೇಕು?

ಎಲ್ಲರಿಗೂ ಎಲ್ಲವನ್ನೂ ಕಲಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ೨೦೧೮ರಲ್ಲಿ ಪ್ರಕಟವಾದ ಒಂದು ಮಾರ್ಗದರ್ಶಿಯು ಈ ಶಿಕ್ಷಣವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿತು. ಜರಾದೌರ್ಬಲ್ಯವೆಂದರೇನೆಂಬ ಸಾಮಾನ್ಯ ಅರಿವು ಸಾರ್ವಜನಿಕರೂ ಸೇರಿ ಎಲ್ಲರಿಗೂ. ಗುರುತಿಸಿ ನೆರವಾಗುವ ಕೌಶಲ ವೃದ್ಧರೊಡನೆ ನಿತ್ಯ ಕೆಲಸ ಮಾಡುವವರಿಗೆ. ಸಂಕೀರ್ಣ ನಿರ್ಧಾರಗಳನ್ನು ಕೈಗೊಳ್ಳುವ ಸಾಮರ್ಥ್ಯ ಹೊಣೆ ಹೊತ್ತ ತಜ್ಞರಿಗೆ. ಭಾರತಕ್ಕೂ ಇದು ಒಪ್ಪುವ ಕ್ರಮ. ಇಲ್ಲಿ ೨೦೧೯ರಲ್ಲಿ ಜಾರಿಗೆ ಬಂದ ವೈದ್ಯಶಿಕ್ಷಣದ ಹೊಸ ಪಠ್ಯಕ್ರಮದಲ್ಲಿ ವೃದ್ಧವೈದ್ಯಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ವೃತ್ತಿನಿರತ ವೈದ್ಯರಿಗಾಗಿ ವೃದ್ಧವೈದ್ಯದ ಸ್ನಾತಕೋತ್ತರ ಡಿಪ್ಲೊಮಾವನ್ನು ರೂಪಿಸಿತು. ರಾಷ್ಟ್ರೀಯ ಕಾರ್ಯಕ್ರಮದ ಯೋಜನೆಯಲ್ಲಿ ವೈದ್ಯಾಧಿಕಾರಿಗಳು, ನರ್ಸುಗಳು ಮತ್ತು ಸಮುದಾಯ ಕಾರ್ಯಕರ್ತರ ತರಬೇತಿಯೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ವೃದ್ಧರ ಚಿಕಿತ್ಸಾದಿನವೂ ಸೇರಿವೆ.

ಪಾಠ ಹೇಳುವ ಬಗೆಯೂ ಮುಖ್ಯ. ಉಪನ್ಯಾಸ ಕೇಳಿದ ಮಾತ್ರಕ್ಕೆ ಈಜು ಬಾರದು. ಗಾಜಿಗೆ ಎಣ್ಣೆ ಸವರಿದ ಕನ್ನಡಕ ತೊಟ್ಟು, ಕಿವಿಗೆ ಹತ್ತಿ ಇಟ್ಟು, ಮಂಡಿಗೆ ಪಟ್ಟಿ ಬಿಗಿದು ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಅರ್ಧ ಗಂಟೆ ನಿಂತ ವಿದ್ಯಾರ್ಥಿಯು ವೃದ್ಧರ ಕಷ್ಟವನ್ನು ಮತ್ತೆ ಮರೆಯಲಾರ. ರೋಗಿಯ ಮನೆಗೆ ಹೋಗಿ ಬಚ್ಚಲ ನೆಲ, ಮೆಟ್ಟಿಲು, ದೀಪ, ಮಾತ್ರೆಯ ಡಬ್ಬಿ ಇವನ್ನು ಕಂಡುಬರುವುದು ತರಗತಿಯಲ್ಲಿ ಕೇಳುವ ಉಪನ್ಯಾಸಗಳಿಗಿಂತ ಹೆಚ್ಚಿನದನ್ನು ಕಲಿಸೀತು. ವೈದ್ಯ, ನರ್ಸು, ವ್ಯಾಯಾಮ ಚಿಕಿತ್ಸಕರು ಒಂದೇ ಕೋಣೆಯಲ್ಲಿ ಒಟ್ಟಿಗೆ ಕಲಿಯುವುದು ಒಳ್ಳೆಯದು. ಒಟ್ಟಿಗೆ ಕಲಿಯದವರು ಒಟ್ಟಿಗೆ ದುಡಿಯುವುದು ಕಷ್ಟ.

ಮನೆ ಮತ್ತು ಸಂಘಗಳ ಪಾತ್ರ

ತರಬೇತಿ ಪಡೆದ ವೈದ್ಯರು ಎಲ್ಲೆಡೆ ದೊರೆಯುವವರೆಗೆ ಮನೆಯವರು ಕೈಕಟ್ಟಿ ಕೂರಬೇಕಾಗಿಲ್ಲ. ತಿಂಗಳಿಗೊಮ್ಮೆ ಹಿರಿಯರ ತೂಕ ನೋಡಿ ಬರೆದಿಡಬಹುದು. ವೈದ್ಯರನ್ನು ಕಾಣುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಊರಿನ ವೈದ್ಯರು ಕೊಟ್ಟವೂ ಸೇರಿ, ಒಂದೇ ಚೀಲದಲ್ಲಿ ಒಯ್ಯಬಹುದು. ಆಸ್ಪತ್ರೆಗೆ ಸೇರಿಸಿದ ದಿನವೇ "ಇವರನ್ನು ಎಂದಿನಿಂದ ಎಬ್ಬಿಸಿ ಕೂರಿಸಬಹುದು, ನಡೆಸಬಹುದು" ಎಂದು ಕೇಳಬಹುದು. ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟು, ಊರುಗೋಲುಗಳನ್ನು ಮರೆಯದೆ ಜೊತೆಗೆ ಕೊಂಡೊಯ್ಯಬಹುದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ದಿನಕ್ಕೆ ಹಲವು ಬಾರಿ ಎದ್ದು ಕೂರುವುದು ಮೂರನೆಯ ಮಹಡಿಯಲ್ಲಿಯೂ ಸಾಧ್ಯವಾದ ವ್ಯಾಯಾಮಗಳು. ಎದೆನೋವು, ಏದುಸಿರು, ಹೊಸದಾಗಿ ಬಂದ ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರೀತಿಯ ಹೆಸರಿನಲ್ಲಿ ಅವರ ಕೈಯಿಂದ ಕೆಲಸವನ್ನು ಕಸಿದುಕೊಳ್ಳಬಾರದು. ಸೊಪ್ಪು ಬಿಡಿಸುವುದು, ಬಟ್ಟೆ ಮಡಿಸುವುದು, ಮೊಮ್ಮಗುವನ್ನು ಶಾಲೆಯ ಬಸ್ಸಿನವರೆಗೆ ಬಿಟ್ಟುಬರುವುದು ಇವೆಲ್ಲ ಅವರ ಕಣಜಕ್ಕೆ ಸೇರುವ ಕಾಳುಗಳು.

ಕನ್ನಡ ಸಂಘಗಳು ಇದರಲ್ಲಿ ಅಮೂಲ್ಯವಾದ ಸೇವೆ ಸಲ್ಲಿಸಬಲ್ಲವು. ಸಂಘಗಳ ಸದಸ್ಯರಲ್ಲಿ ವೈದ್ಯರೂ ನರ್ಸುಗಳೂ ಇದ್ದೇ ಇರುತ್ತಾರೆ. ರಾಜ್ಯೋತ್ಸವದ ದಿನ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುವ ಶಿಬಿರದಲ್ಲಿಯೇ ಒಂದು ಕುರ್ಚಿ, ಒಂದು ಗಡಿಯಾರ ಇಟ್ಟು ನಡಿಗೆಯನ್ನೂ ಎದ್ದು ಕೂರುವುದನ್ನೂ ಅಳೆಯಬಹುದು. ಭಾಷೆ ಬಾರದ ಹಿರಿಯರ ಜೊತೆ ಆಸ್ಪತ್ರೆಗೆ ಹೋಗಿ ದುಭಾಷಿಗಳಾಗಿ ನಿಲ್ಲುವ ನಾಲ್ಕಾರು ಸ್ವಯಂಸೇವಕರನ್ನು ಸಿದ್ಧಗೊಳಿಸಬಹುದು. ವಾರಕ್ಕೊಮ್ಮೆ ಹಿರಿಯರು ಕೂಡಿ ಅರ್ಧ ಗಂಟೆ ವ್ಯಾಯಾಮ, ಅರ್ಧ ಗಂಟೆ ಹಾಡು ಹರಟೆ ನಡೆಸಿದರೆ ಕಾಲಿಗೂ ಬಲ, ಮನಸ್ಸಿಗೂ ಬಲ. ಮಾತನಾಡಲು ಜನವಿಲ್ಲದ ಏಕಾಂತವೂ ದೌರ್ಬಲ್ಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂಬುದನ್ನು ಮರೆಯುವಂತಿಲ್ಲ.

ಉಪಸಂಹಾರ

ಆರಂಭದಲ್ಲಿ ಹೇಳಿದ ತಾಯಿಯ ಸನ್ನಿವೇಶವನ್ನು ಇನ್ನೊಮ್ಮೆ ನೆನೆಯಬಹುದು. ರವಿಕೆ ಸಡಿಲವಾದಾಗಲೇ ಕುಟುಂಬವೈದ್ಯರು ತೂಕ ನೋಡಿ, ನಾಲ್ಕು ಮೀಟರು ನಡೆಸಿ, ಊಟ ವಿಚಾರಿಸಿ, ವ್ಯಾಯಾಮ ಬರೆದುಕೊಟ್ಟಿದ್ದರೆ? ಜ್ವರ ಬಂದಾಗ ನರ್ಸು ಎರಡನೆಯ ದಿನವೇ ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಊಟಕ್ಕೆ ನೆರವಾಗಿ, ಅವರದೇ ಭಾಷೆಯಲ್ಲಿ ಎರಡು ಮಾತು ಆಡಿಸಿದ್ದರೆ? ಜ್ವರ ಬರುತ್ತಿತ್ತು, ಹೋಗುತ್ತಿತ್ತು. ತಾಯಿ ಬಹುಶಃ ತಮ್ಮ ಕಾಲಮೇಲೆಯೇ ಮನೆಯ ಹೊಸ್ತಿಲು ದಾಟುತ್ತಿದ್ದರು.

ಮುಪ್ಪನ್ನು ತಡೆಯುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ. ಎಲ್ಲ ದೌರ್ಬಲ್ಯವನ್ನೂ ಹಿಂದಿರುಗಿಸಲೂ ಸಾಧ್ಯವಿಲ್ಲ. ತೀರ ಬಳಲಿದವರಿಗೆ ನೋವಿಲ್ಲದ, ಗೌರವಯುತವಾದ ಆರೈಕೆಯೇ ಅತ್ಯುತ್ತಮ ಚಿಕಿತ್ಸೆ. ಆದರೆ ತಡೆಯಬಹುದಾದುದನ್ನು ತಡೆಯದೆ ಬಿಡುವುದಕ್ಕೆ ವಯಸ್ಸು ನೆಪವಾಗಕೂಡದು. "ವಯಸ್ಸಾಯಿತು, ಇನ್ನು ಇಷ್ಟೇ" ಎಂಬ ಮಾತು ಕಿವಿಗೆ ಬಿದ್ದಾಗ "ಇಷ್ಟೇ ಏಕೆ?" ಎಂದು ಕೇಳುವ ಅಭ್ಯಾಸ ವೈದ್ಯರಲ್ಲಿಯೂ ಮನೆಯವರಲ್ಲಿಯೂ ಬೆಳೆದರೆ, ಈ ಶಿಕ್ಷಣದ ಮೊದಲನೆಯ ಪಾಠ ಕಲಿತಂತಾಯಿತು.